ಮೈ ಬಣ್ಣ ಬದಲಾಗಿದೆ, ಮಾತ್ರೆಯ ಕೆಲಸವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಔಷಧಿ ಕೊಡುವ ಕೌಂಟರ್ ಹಿಂದೆ ನಿಂತವರಿಗೆಲ್ಲ ಈ ದೃಶ್ಯ ಗೊತ್ತು. ಮಾತ್ರೆ ಚೀಲಕ್ಕೆ ಹಾಕಿಕೊಂಡಾಯಿತು, ಚಿಲ್ಲರೆಯೂ ಸಿಕ್ಕಿತು, ಆದರೂ ಆ ವ್ಯಕ್ತಿ ಹೊರಡುವುದಿಲ್ಲ. ಪಕ್ಕದವರು ಹೋಗಲಿ ಅಂತ ಕಾಯುತ್ತಾರೆ. ಆಮೇಲೆ ತೋಳು ಮೇಲೆ ಮಾಡಿ ಮೆಲ್ಲಗೆ, "ಇದು ಮಾತ್ರೆಯಿಂದ ಆಗಿರಬಹುದಾ?" ಅಂತ ಕೇಳುತ್ತಾರೆ. ನಾನು ಫಾರ್ಮಸಿಸ್ಟ್, ಚರ್ಮದ ಡಾಕ್ಟರ್ ಅಲ್ಲ. ಹಾಗೆ ಕೇಳಿದವರಿಗೂ, ಪತ್ರ ಬರೆದು ಕೇಳಿದವರಿಗೂ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಚರ್ಮದ ಬಣ್ಣ ಬದಲಾಗಿದೆ. ಮಾತ್ರೆಯಿಂದಲೇ ಅಂತ ಹೇಗೆ ಹೇಳೋದು?

ಬಣ್ಣ ನೋಡಿ ಹೇಳುವುದು ಕಷ್ಟ, ತಾರೀಖು ನೋಡಿ ಹೇಳುವುದು ಸುಲಭ. ಮಾತ್ರೆ ಯಾವತ್ತು ಶುರುವಾಯಿತು, ಡೋಸ್ ಯಾವತ್ತು ಜಾಸ್ತಿ ಆಯಿತು, ಕಲೆ ಯಾವತ್ತು ಕಂಡಿತು? ಈ ಮೂರನ್ನು ಒಂದು ಚೀಟಿಯಲ್ಲಿ ಬರೆದರೆ ಅರ್ಧ ಕೆಲಸ ಮುಗಿದ ಹಾಗೆ.

ಪ್ರತಿಯೊಂದು ಪರಿಣಾಮಕ್ಕೂ ಅದರದೇ ಗಡಿಯಾರ ಇದೆ. ಮುಖ ಕೆಂಪಾಗಿ ಬಿಸಿಯಾಗುವುದು ನಿಮಿಷಗಳ ಲೆಕ್ಕ. ಪಿತ್ತದ ಗಂಧೆ ಹೆಚ್ಚಾಗಿ ಗಂಟೆಗಳ ಲೆಕ್ಕ. ಮೈತುಂಬ ಏಳುವ ಸಾಮಾನ್ಯ ದದ್ದು ಹೊಸ ಮಾತ್ರೆ ಶುರುವಾದ ಒಂದೆರಡು ವಾರದೊಳಗೆ ಬರುತ್ತದೆ. ಅಪಾಯಕಾರಿ ಚರ್ಮದ ಪ್ರತಿಕ್ರಿಯೆಗಳು ಬಹುಪಾಲು ಮೊದಲ 8 ವಾರಗಳಲ್ಲೇ ಕಾಣಿಸುತ್ತವೆ. ನಿಧಾನವಾಗಿ ಕಪ್ಪಾಗುವುದು, ಬೂದಿ ಬಣ್ಣಕ್ಕೆ ತಿರುಗುವುದು ತಿಂಗಳು, ಕೆಲವೊಮ್ಮೆ ವರ್ಷಗಳ ಲೆಕ್ಕ. ಹಾಗಾಗಿ "ಹತ್ತು ವರ್ಷದಿಂದ ಇದೇ ಮಾತ್ರೆ, ಇದರಿಂದ ಹೇಗಾಗುತ್ತೆ?" ಅನ್ನುವ ವಾದ ದದ್ದಿಗೆ ಹೊಂದುತ್ತದೆ, ಬೂದಿ ಬಣ್ಣಕ್ಕೆ ಹೊಂದುವುದಿಲ್ಲ.

ಎಲ್ಲಕ್ಕೂ ಮಾತ್ರೆಯನ್ನೇ ಬೈಯುವುದೂ ಸರಿಯಲ್ಲ. ಹುಟ್ಟಿದ ಮೇಲೆ ಬರುವ ಕಪ್ಪು ಬಣ್ಣದಲ್ಲಿ ಔಷಧಿಗಳ ಪಾಲು ಶೇ. 10ರಿಂದ 20 ಎಂದು ಚರ್ಮಶಾಸ್ತ್ರದ ಬರಹಗಳು ಹೇಳುತ್ತವೆ. ಉಳಿದದ್ದು ಬಿಸಿಲು, ಹಾರ್ಮೋನು, ಹಳೇ ಗಾಯ, ಉಜ್ಜಾಟ ಮತ್ತು ಬೇರೆ ಕಾಯಿಲೆಗಳ ಪಾಲು.

ಎರಡೂ ಅಂಗೈ ನೀಲಿ ಆಗಿವೆ, ನೋವಿಲ್ಲ, ತುರಿಕೆ ಇಲ್ಲ. ಏನಿದು?

ಮೊದಲು ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಉಜ್ಜಿ ನೋಡಿ. ನಗಬೇಡಿ. ಒಬ್ಬರು ಬೆವರಿಳಿಸುತ್ತ ಓಡಿಬಂದರು, ಬಿಪಿ ಮಾತ್ರೆ ಬದಲಾಗಿ ಮೂರೇ ದಿನ ಆಗಿತ್ತಂತೆ. ಅಂಗೈ, ತೊಡೆಯ ಮೇಲ್ಭಾಗ ಎಲ್ಲ ನೀಲಿ. ಹತ್ತಿ ಒತ್ತಿ ತೆಗೆದರೆ ಹತ್ತಿಯೂ ನೀಲಿ. ಹೊಸ ಜೀನ್ಸ್ ಹಾಕಿಕೊಂಡು ಜೇಬಿನಲ್ಲಿ ಕೈ ಇಟ್ಟುಕೊಂಡೇ ಇಡೀ ದಿನ ಓಡಾಡಿದ್ದರು! ಬಟ್ಟೆ, ಬೆಡ್‌ಶೀಟ್, ಬ್ಯಾಗಿನ ಹಿಡಿಯ ಬಣ್ಣ ಬೆವರಿಗೆ ಬಿಟ್ಟುಕೊಳ್ಳುವುದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಒರೆಸಿದರೂ ಹೋಗದಿದ್ದರೆ ತುಟಿ ಮತ್ತು ನಾಲಿಗೆ ನೋಡಿ. ಅವೂ ನೀಲಿಯಾಗಿದ್ದರೆ ಅದು ರಕ್ತದ ವಿಷಯ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆರಳ ತುದಿ ಮಾತ್ರ ನೀಲಿಯಾಗಿ ತಣ್ಣಗಿದ್ದು, ಬೆಚ್ಚಗೆ ಮಾಡಿದರೆ ಸರಿಹೋದರೆ ಚಳಿಗೆ ರಕ್ತನಾಳ ಕುಗ್ಗಿರಬಹುದು. ಬಿಪಿ ಮತ್ತು ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ಇದನ್ನು ಜಾಸ್ತಿ ಮಾಡಬಲ್ಲವು.

ಯಾವಾಗ ಕಾಯಬಹುದು, ಯಾವಾಗ ಓಡಬೇಕು?

ನಿಧಾನವಾಗಿ ಬಂದ, ನೋವಿಲ್ಲದ ಬಣ್ಣಕ್ಕೆ ಅವಸರವಿಲ್ಲ, ಈ ವಾರ ಡಾಕ್ಟರನ್ನು ಕಂಡರೆ ಸಾಕು. ಆದರೆ ಈ ಕೆಳಗಿನವಕ್ಕೆ ಬೆಳಗಾಗುವವರೆಗೂ ಕಾಯಬೇಡಿ:

- ಚರ್ಮ ಮುಟ್ಟಿದರೆ ಸುಟ್ಟ ಹಾಗೆ ನೋವು, ಬೊಬ್ಬೆ, ಸಿಪ್ಪೆ ಏಳುವುದು
- ಬಾಯಿ, ಕಣ್ಣು ಅಥವಾ ಜನನಾಂಗದಲ್ಲಿ ಹುಣ್ಣು, ಜೊತೆಗೆ ಜ್ವರ
- ತುಟಿ, ಮುಖ, ಗಂಟಲು ಊದಿಕೊಳ್ಳುವುದು, ಉಸಿರು ಕಟ್ಟುವುದು
- ತುಟಿ, ನಾಲಿಗೆ ನೀಲಿಯಾಗುವುದು
- ಒತ್ತಿದರೂ ಮಾಯವಾಗದ ಕೆನ್ನೇರಳೆ ಚುಕ್ಕಿಗಳು, ಅದರಲ್ಲೂ ಜ್ವರ ಇದ್ದರೆ
- ಕಣ್ಣು ಹಳದಿಯಾಗಿ ಜೊತೆಗೆ ಮಂಕು, ನಿದ್ದೆಗಣ್ಣು, ವಾಂತಿ

ಮೊದಲ ಎರಡು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂಬ ಕಾಯಿಲೆಯ ಗುರುತುಗಳು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೋಟ್ರಿಜಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯುರಿನಾಲ್, ಸಲ್ಫಾ ಮಾತ್ರೆಗಳು ಇದರಲ್ಲಿ ಮೇಲಿಂದ ಮೇಲೆ ಕೇಳಿಬರುವ ಹೆಸರುಗಳು. ಹೆಚ್ಚಾಗಿ 4ರಿಂದ 28 ದಿನಗಳ ನಡುವೆ ಬರುತ್ತದೆ. ಶುರುವಿನಲ್ಲಿ ಮಾಮೂಲಿ ಜ್ವರ, ಕಣ್ಣುರಿ, ಗಂಟಲು ನೋವಿನ ಹಾಗೇ ಇರುತ್ತದೆ, ಹಾಗಾಗಿ ಜನ ಮೋಸ ಹೋಗುತ್ತಾರೆ. ತುರಿಕೆಗಿಂತ ನೋವು ಜಾಸ್ತಿ ಇದೆ ಅನ್ನಿಸಿದರೆ ಅದನ್ನೇ ಗಂಟೆ ಬಾರಿಸಿದ ಹಾಗೆ ಅಂದುಕೊಳ್ಳಿ.

ನನ್ನ ಮೈ ಕಪ್ಪು. ಕೆಂಪಾಗಿದೆಯಾ ಅಂತ ನನಗೆ ಗೊತ್ತೇ ಆಗಲ್ಲ. ಏನ್ ಮಾಡ್ಲಿ?

ಒಳ್ಳೇ ಪ್ರಶ್ನೆ. ಮಾತ್ರೆ ಡಬ್ಬಿಯ ಚೀಟಿಯಲ್ಲಿ ಸುಮ್ನೆ "ಚರ್ಮ ಕೆಂಪಾಗಬಹುದು" ಅಂತ ಬರೆದಿರುತ್ತಾರೆ. ಕಪ್ಪು ಮೈಯಲ್ಲಿ ಆ ಕೆಂಪು ಕಾಣುವುದು ಕೆನ್ನೇರಳೆಯಾಗಿ, ಕಡುಕಂದಾಗಿ ಅಥವಾ ಬರೀ ಇನ್ನಷ್ಟು ಕಪ್ಪಾಗಿ. ಕಣ್ಣು ಸೋತ ಕಡೆ ಕೈ ಬಳಸಿ. ಆ ಜಾಗ ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯಾ, ದಪ್ಪಗಿದೆಯಾ, ಒರಟಾಗಿದೆಯಾ ಅಂತ ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ.

ನೀಲಿ ಬಣ್ಣ ಹುಡುಕುವುದಾದರೆ ತುಟಿಯ ಒಳಭಾಗ, ನಾಲಿಗೆ, ಉಗುರಿನ ಬುಡ ನೋಡಿ. ಹಳದಿ ಹುಡುಕುವುದಾದರೆ ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಭಾಗ ನೋಡಬೇಕು, ಟ್ಯೂಬ್‌ಲೈಟ್ ಕೆಳಗೆ ನೋಡಿ ನಿರ್ಧಾರ ಮಾಡಬೇಡಿ. ಕಪ್ಪು ಮೈಯವರ ಕಣ್ಣಿನ ಬಿಳಿಯಲ್ಲಿ ಹುಟ್ಟಿನಿಂದಲೇ ಸ್ವಲ್ಪ ಕಂದು ಛಾಯೆ ಇರುವುದುಂಟು. ಆದ್ದರಿಂದ ಕೆಳಗೆ ನೋಡುತ್ತ ಮೇಲಿನ ರೆಪ್ಪೆ ಎತ್ತಿಸಿಕೊಳ್ಳಿ, ರೆಪ್ಪೆಯಡಿ ಮುಚ್ಚಿರುವ ಭಾಗವೂ ಹಳದಿಯಾಗಿದ್ದರೆ ಅದು ಕಾಮಾಲೆ ಇರಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಕಪ್ಪು ಮೈಯವರಲ್ಲಿ ಆಕ್ಸಿಜನ್ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು, ನೆನಪಿರಲಿ.

ಅನುಮಾನ ಬಂದ ಕೂಡಲೇ ಮಾತ್ರೆ ನಿಲ್ಲಿಸಿಬಿಡಲಾ?

ಮೇಲೆ ಹೇಳಿದ ಅಪಾಯದ ಲಕ್ಷಣ ಇದ್ದರೆ ಮುಂದಿನ ಡೋಸ್ ತಗೋಬೇಡಿ, ಮಾತ್ರೆಯ ಹಾಳೆ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ. ಬರೀ ಬಣ್ಣ ಬದಲಾಗಿದ್ದರೆ ನಿಲ್ಲಿಸುವ ಮೊದಲು ಬರೆದುಕೊಟ್ಟ ಡಾಕ್ಟರಿಗೆ ಒಂದು ಫೋನ್ ಮಾಡಿ. ಫಿಟ್ಸ್ ಮಾತ್ರೆ ತಟ್ಟನೆ ನಿಂತರೆ ಫಿಟ್ಸ್ ಮರಳುತ್ತದೆ. ತಿಂಗಳುಗಟ್ಟಲೆ ತಗೊಂಡ ಸ್ಟಿರಾಯ್ಡ್ ತಟ್ಟನೆ ನಿಂತರೆ ಬಿಪಿ ಕುಸಿಯಬಹುದು. ಬೀಟಾ ಬ್ಲಾಕರ್ ನಿಂತರೆ ಎದೆನೋವು ಕೆರಳಬಹುದು. ರಕ್ತ ತೆಳುಮಾಡುವ ಮಾತ್ರೆಯ ವಿಷಯವಂತೂ ಹೇಳುವುದೇ ಬೇಡ. ಬಹಳಷ್ಟು ಸಲ ಬದಲಿ ಮಾತ್ರೆ ಇದ್ದೇ ಇರುತ್ತದೆ. ಕೇಳಿದರೆ ತಾನೇ ಸಿಗುವುದು?

## ಬಣ್ಣಕ್ಕೊಂದು ಕಥೆ

ಆಗಾಗ ಒಂದೇ ಜಾಗದಲ್ಲಿ ದುಂಡಗೆ ಕಪ್ಪು ಕಲೆ ಬರುತ್ತೆ. ಬೇರೆ ಎಲ್ಲೂ ಇಲ್ಲ. ಯಾಕೆ?

ಇದಕ್ಕೆ ಉತ್ತರ ನನ್ನ ತುಟಿಯಲ್ಲೇ ಇದೆ. ಕೆಳತುಟಿಯ ಬಲ ಮೂಲೆಯಲ್ಲಿ ಒಂದು ದಿನ ಚುರುಚುರು ಅಂದಿತು. ಸಂಜೆಗೆ ಅಲ್ಲಿ ಹುಣಸೆ ಬೀಜದಷ್ಟು ಕೆನ್ನೇರಳೆ ಕಲೆ. ಬಿಸಿ ಏನೋ ತಗಲಿರಬೇಕು ಅಂದುಕೊಂಡೆ. ಹತ್ತು ದಿನಕ್ಕೆ ಕಂದಾಗಿ ಮಾಸಿತು. ಏಳೆಂಟು ತಿಂಗಳ ನಂತರ ಮತ್ತೆ ಅದೇ ಮೂಲೆ, ಅದೇ ಉರಿ. ಮೂರನೇ ಸಲ ಕನ್ನಡಿ ಮುಂದೆ ನಿಂತಾಗ ತಲೆಗೆ ಹೊಳೆಯಿತು, ಮೂರೂ ಸಲ ಭೇದಿಗೆ ಆರ್ನಿಡಜೋಲ್ ಇರುವ ಮಾತ್ರೆ ನುಂಗಿದ್ದೆ. ದಿನವಿಡೀ ಜನಕ್ಕೆ ಮಾತ್ರೆ ಬಗ್ಗೆ ಹೇಳುವವನಿಗೆ ತನ್ನ ತುಟಿ ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಇದಕ್ಕೆ ಫಿಕ್ಸ್ಡ್ ಡ್ರಗ್ ಇರಪ್ಷನ್ ಅನ್ನುತ್ತಾರೆ. ಮೊದಲ ಸಲ ಆದ ಜಾಗದ ಚರ್ಮದಲ್ಲಿ ರೋಗನಿರೋಧಕ ಕಣಗಳು ಅಲ್ಲೇ ಬೀಡುಬಿಟ್ಟಿರುತ್ತವೆ. ಅದೇ ಔಷಧಿ ಮತ್ತೆ ಒಳಗೆ ಬಂದರೆ ಸಾಕು, ಅರ್ಧ ಗಂಟೆಯಿಂದ 8 ಗಂಟೆಯೊಳಗೆ ಅದೇ ಜಾಗ ಉರಿಯಲು ಶುರು. ತುಟಿ, ಜನನಾಂಗ, ಕೈ, ಪಾದ ಇದರ ಮೆಚ್ಚಿನ ಜಾಗಗಳು. ಜನನಾಂಗದಲ್ಲಿ ಬಂದಾಗ ಗಂಡ ಹೆಂಡತಿ ನಡುವೆ ಸುಮ್ನೆ ಅನುಮಾನ ಹುಟ್ಟಿ ಜಗಳ ಆಗಿದ್ದೂ ಉಂಟು. ಕೋಟ್ರೈಮಾಕ್ಸಜೋಲ್, ಮೆಟ್ರೊನಿಡಜೋಲ್ ಜಾತಿಯ ಮಾತ್ರೆಗಳು, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್ ಎಲ್ಲ ಇದನ್ನು ತರಬಲ್ಲವು. ಎಲ್ಲರೂ ಸಾಧು ಅಂದುಕೊಂಡ ಪ್ಯಾರಸಿಟಮಾಲ್ ಕೂಡ.

ಜನ ಬ್ರಾಂಡ್ ಬದಲಾಯಿಸಿ, "ಬೇರೆ ಮಾತ್ರೆ ತಗೊಂಡೆ, ಆದ್ರೂ ಬಂತು" ಅನ್ನುತ್ತಾರೆ. ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ, ಬ್ರಾಂಡ್ ಎಷ್ಟೇ ಬದಲಾದರೂ ಅದು ಒಂದೇ ಇರುತ್ತದೆ. ನೆಗಡಿ, ಭೇದಿಯ ಮಾತ್ರೆಗಳಲ್ಲಿ ಎರಡು ಮೂರು ಔಷಧಿ ಸೇರಿರುವುದೂ ಮಾಮೂಲಿ. ಪ್ರತಿ ಸಲವೂ ಕಲೆ ಇನ್ನಷ್ಟು ಕಪ್ಪಾಗುತ್ತದೆ, ಹೊಸ ಜಾಗಗಳೂ ಸೇರಿಕೊಳ್ಳಬಹುದು, ಅಪರೂಪಕ್ಕೆ ಮೈತುಂಬ ಬೊಬ್ಬೆಯೂ ಏಳಬಹುದು. ಹೆಸರು ಗೊತ್ತಾದ ಮೇಲೆ ಆ ಔಷಧಿಯನ್ನು ಜೀವನಪೂರ್ತಿ ದೂರ ಇಡಬೇಕು. ನನ್ನ ಪರ್ಸಿನಲ್ಲಿ ಈಗಲೂ ಒಂದು ಚೀಟಿ ಇದೆ.

ಅಂಗೈ ಹಳದಿ ಆಗಿದೆ. ಕಾಮಾಲೆನಾ?

ಕಣ್ಣು ನೋಡಿ. ಅಂಗೈ, ಅಂಗಾಲು, ಮೂಗಿನ ಬದಿ ಕಿತ್ತಳೆ-ಹಳದಿಯಾಗಿ ಕಣ್ಣು ಮಾತ್ರ ಬೆಳ್ಳಗಿದ್ದರೆ ಅದು ಬಹುಪಾಲು ಕ್ಯಾರೋಟಿನ್. ಕ್ಯಾರೆಟ್, ಕುಂಬಳ ಜಾಸ್ತಿ ತಿನ್ನುವವರಲ್ಲಿ, ಬೀಟಾ ಕ್ಯಾರೋಟಿನ್ ಗುಳಿಗೆ ನುಂಗುವವರಲ್ಲಿ ಕಾಣುತ್ತದೆ. ನಿಲ್ಲಿಸಿದರೆ ಕೆಲವು ವಾರ, ತಿಂಗಳಲ್ಲಿ ಇಳಿಯುತ್ತದೆ.

ಕಣ್ಣೂ ಹಳದಿಯಾಗಿದ್ದರೆ ರಕ್ತದಲ್ಲಿ ಬಿಲಿರುಬಿನ್, ಅಂದರೆ ಲಿವರ್ ಹೊರಹಾಕಬೇಕಾದ ಹಳದಿ ಪದಾರ್ಥ, ಏರಿದೆ ಅಂತ ಅರ್ಥ. ಮೂತ್ರ ಕಡು ಬಣ್ಣಕ್ಕೆ ತಿರುಗಿತಾ, ಮಲ ಬೆಳ್ಳಗಾಯಿತಾ, ಮೈ ತುರಿಸುತ್ತಾ, ಊಟ ಸೇರುತ್ತಿಲ್ಲವಾ ಅಂತ ನೋಡಿಕೊಂಡು ಅವತ್ತೇ ಲಿವರ್ ಪರೀಕ್ಷೆ ಮಾಡಿಸಿ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ಪೈರಜಿನಮೈಡ್, ರಿಫಾಂಪಿಸಿನ್ ಮೂರೂ ಲಿವರ್‌ಗೆ ಪೆಟ್ಟು ಕೊಡಬಲ್ಲವು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ವಿಚಿತ್ರ ಗಿರಾಕಿ. ಕೋರ್ಸ್ ಮುಗಿದು ಕೆಲವು ವಾರ ಕಳೆದ ಮೇಲೂ ಕಾಮಾಲೆ ತರಬಲ್ಲದು. ಆ ಹೊತ್ತಿಗೆ ಮಾತ್ರೆ ನುಂಗಿದ್ದೇ ಮರೆತಿರುತ್ತೇವೆ, ಅಲ್ವಾ? ಡಾಕ್ಟರ್ ಕೇಳಿದಾಗ ಹಿಂದಿನ ಎರಡು ಮೂರು ತಿಂಗಳ ಮಾತ್ರೆ ಎಲ್ಲ ಹೇಳಿ.

ನಮ್ಮ ತಂದೆಯವರ ಮುಖ ಬೂದಿ-ನೀಲಿ ಆಗ್ತಿದೆ. ಹೃದಯದ ಮಾತ್ರೆ ತಗೋತಾರೆ.

ಮಾತ್ರೆಯ ಹೆಸರು ಅಮಿಯೋಡರೋನ್ ಇದೆಯಾ ನೋಡಿ. ಎದೆಬಡಿತ ಏರುಪೇರಾದಾಗ ಕೊಡುವ ಈ ಔಷಧಿ ದೇಹದಿಂದ ಅರ್ಧ ಕಡಿಮೆಯಾಗಲು ಸರಾಸರಿ ಎರಡು ತಿಂಗಳು ಹಿಡಿಯುತ್ತದೆ. ವರ್ಷಗಟ್ಟಲೆ ತಗೊಂಡ ಕೆಲವರಲ್ಲಿ ಬಿಸಿಲು ಬೀಳುವ ಹಣೆ, ಮೂಗು, ಕೆನ್ನೆ, ಕಿವಿ ಸೀಸದ ಬಣ್ಣಕ್ಕೆ ತಿರುಗುತ್ತವೆ. ಜೀವಕ್ಕೆ ಅಪಾಯವಿಲ್ಲ, ಆದರೆ ನೋಡುವವರು "ಉಸಿರಾಟ ಸರಿ ಇಲ್ವಾ?" ಅಂತ ಕೇಳಿ ಕೇಳಿ ಮನಸ್ಸಿಗೆ ಹಿಂಸೆ. ಹಾಗಂತ ಮನೆಯವರೇ ಮಾತ್ರೆ ನಿಲ್ಲಿಸಬಾರದು. ಹೃದಯದ ಡಾಕ್ಟರ್ ಡೋಸ್ ಇಳಿಸಬಹುದೇ, ಬೇರೆ ಮಾತ್ರೆ ಕೊಡಬಹುದೇ ನೋಡುತ್ತಾರೆ. ನಿಲ್ಲಿಸಿದರೂ ಬಣ್ಣ ಇಳಿಯಲು ತಿಂಗಳುಗಳು, ವರ್ಷಗಳು ಬೇಕಾಗಬಹುದು.

ಇದೇ ಬೂದು-ನೀಲಿಯನ್ನು ತರುವ ಇನ್ನೂ ಕೆಲವು ಇವೆ. ಮೊಡವೆಗೆ ಕೊಡುವ ಮಿನೋಸೈಕ್ಲಿನ್ ಹಳೇ ಮೊಡವೆ ಕಲೆಗಳ ಮೇಲೆ, ಮೊಣಕಾಲ ಕೆಳಗೆ, ಕೆಲವೊಮ್ಮೆ ಹಲ್ಲು, ಉಗುರಿನ ಮೇಲೂ ಬಣ್ಣ ಬಿಡುತ್ತದೆ. ಕೀಲುನೋವು, ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮೊಣಕಾಲ ಕೆಳಗಿನ ಮುಂಭಾಗದಲ್ಲಿ ಮತ್ತು ಬಾಯಿಯ ಅಂಗುಳದಲ್ಲಿ ಬೂದಿ ಕಲೆ ಮೂಡಿಸಬಹುದು. ಆ ಮಾತ್ರೆಗೆ ಚರ್ಮಕ್ಕಿಂತ ಕಣ್ಣಿನ ಪರೀಕ್ಷೆ ಮುಖ್ಯ, ಶುರುವಿನಲ್ಲಿ ಒಮ್ಮೆ, 5 ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ. ಬಿಪಿಯ ಡಿಲ್ಟಿಯಾಜೆಮ್ ಕಪ್ಪು ಮೈಯವರ ಮುಖದ ಮೇಲೆ ಬಲೆಯಂತೆ ಬೂದು ಬಣ್ಣ ತಂದ ವರದಿಗಳಿವೆ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋರ್‌ಪ್ರೊಮಜಿನ್ ಹೆಚ್ಚಿನ ಡೋಸ್‌ನಲ್ಲಿ ಬಹುಕಾಲ ತಗೊಂಡರೂ ಹೀಗೆಯೇ. ಎಲ್ಲದರಲ್ಲೂ ಬಿಸಿಲಿನ ಕೈವಾಡ ಇದೆ ಅನ್ನಲಾಗದು, ಆದರೂ ಟೋಪಿ, ತುಂಬು ತೋಳು, ಸನ್‌ಸ್ಕ್ರೀನ್ ಇಟ್ಟುಕೊಂಡರೆ ನಷ್ಟವಿಲ್ಲ.

ಹೊಸ ಮಾತ್ರೆ ಶುರು ಮಾಡಿದ್ದೇ ತಡ, ಮೂತ್ರ ಕಿತ್ತಳೆ, ಬೆವರೂ ಕೆಂಪು!

ರಿಫಾಂಪಿಸಿನ್ ಇದ್ದರೆ ಅದು ಮಾಮೂಲಿ, ಗಾಬರಿ ಬೇಡ. ಕಣ್ಣೀರಿಗೂ ಬಣ್ಣ ಬರುವುದರಿಂದ ಮೆದು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಬೇಡಿ, ಕಲೆಯಾದರೆ ಹೋಗುವುದಿಲ್ಲ. ಕಣ್ಣಿನ ಬಿಳಿಭಾಗ ಹಳದಿಯಾದರೆ ಮಾತ್ರ ಅದು ಬೇರೆ ವಿಷಯ, ಲಿವರ್ ನೋಡಿಸಿ.

ಕುಷ್ಠದ ಚಿಕಿತ್ಸೆಯಲ್ಲಿ ಇದರ ಜೊತೆ ಕ್ಲೊಫಾಜಿಮಿನ್ ಇರುತ್ತದೆ. ಅದು ಚರ್ಮವನ್ನೇ ಕೆಂಪು ಕಂದು, ಆಮೇಲೆ ಕಪ್ಪು ಮಾಡುತ್ತದೆ, ಮಚ್ಚೆ ಇದ್ದ ಜಾಗದಲ್ಲಿ ಇನ್ನೂ ಜಾಸ್ತಿ. ಚರ್ಮ ಒಣಗಿ ಬಿರಿಯುವುದೂ ಇದೆ. ಈ ಬಣ್ಣಕ್ಕೆ ಹೆದರಿ ಕೋರ್ಸ್ ಅರ್ಧಕ್ಕೆ ಬಿಡುವವರಿದ್ದಾರೆ, ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಕೋರ್ಸ್ ಮುಗಿದ ಮೇಲೆ ನಿಧಾನವಾಗಿ ಬಣ್ಣ ಮಾಸುತ್ತದೆ, ನರಕ್ಕೆ ಆದ ಹಾನಿ ಹಾಗೆ ಮಾಸುವುದಿಲ್ಲ.

ಮಾತ್ರೆ ತಗೊಂಡ ಅರ್ಧ ಗಂಟೆಗೆ ಮುಖ ಕೆಂಪಾಗಿ ಬಿಸಿ ಆಗುತ್ತೆ. ಅಲರ್ಜಿನಾ?

ಗಂಧೆ, ಊತ, ಉಸಿರಾಟದ ತೊಂದರೆ ಇಲ್ಲದಿದ್ದರೆ ಹೆಚ್ಚಾಗಿ ಅಲರ್ಜಿ ಅಲ್ಲ, ರಕ್ತನಾಳ ಅಗಲವಾದದ್ದು. ನಯಾಸಿನ್, ನೈಟ್ರೇಟ್, ಅಮ್ಲೋಡಿಪಿನ್ ಜಾತಿಯ ಬಿಪಿ ಮಾತ್ರೆಗಳಿಗೆ ಇದು ಸಹಜ. ಕೆಲವು ಆ್ಯಂಟಿಬಯಾಟಿಕ್ ಜೊತೆ ಮದ್ಯ ಕುಡಿದವರಲ್ಲೂ ಆಗುತ್ತದೆ.

ಶುಗರ್ ಮಾತ್ರೆ ತಗೊಳ್ತಾ ಬೆರಳ ಗೆಣ್ಣೆಲ್ಲ ಕಪ್ಪಾಗಿದೆ. ಮಾತ್ರೆ ಸೈಡ್ ಎಫೆಕ್ಟಾ?

ನೇರವಾಗಿ ಅಲ್ಲ, ಸುತ್ತಿ ಬಳಸಿ ಇರಬಹುದು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಕೆಲವರಲ್ಲಿ ವಿಟಮಿನ್ ಬಿ12 ಇಳಿಯುತ್ತದೆ. ಬಿ12 ಇಳಿದರೆ ಬೆರಳ ಗೆಣ್ಣು, ಉಗುರಿನ ಸುತ್ತ, ಅಂಗೈ ಕಪ್ಪಾಗುವುದುಂಟು. ಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ಸುಸ್ತು ಜೊತೆಗಿದ್ದರೆ ಅನುಮಾನ ಗಟ್ಟಿ. ಮಾಂಸ, ಮೊಟ್ಟೆ, ಹಾಲು ಮುಟ್ಟದವರಲ್ಲಿ ಮಾತ್ರೆ ಇಲ್ಲದೆಯೂ ಹೀಗಾಗಬಹುದು. ಒಂದು ರಕ್ತಪರೀಕ್ಷೆ ಸಾಕು. ಬಿ12 ತುಂಬಿಕೊಟ್ಟರೆ ಬಣ್ಣ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಇದು ನೋಡಲು ಖುಷಿ ಕೊಡುವ ಬದಲಾವಣೆ.

ಕುತ್ತಿಗೆ, ಕಂಕುಳಲ್ಲಿ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾಗಿದ್ದರೆ ಅದು ಬೇರೆ. ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿದ್ದಾಗ ಬರುವ ಗುರುತು ಅದು, ಎಷ್ಟು ಉಜ್ಜಿದರೂ ಹೋಗದು. ಅಂಗೈ ಗೆರೆ, ವಸಡು, ಹಳೇ ಗಾಯದ ಕಲೆ ಕಪ್ಪಾಗಿ, ತೂಕ ಇಳಿದು, ಎದ್ದು ನಿಂತರೆ ತಲೆಸುತ್ತು ಬರುತ್ತಿದ್ದರೆ ಅಡ್ರಿನಲ್ ಗ್ರಂಥಿ ಸೋತಿರುವ ಅಡಿಸನ್ ಕಾಯಿಲೆಯನ್ನೂ ನೋಡಿಸಬೇಕು.

ಬಿಳಿ ಮಚ್ಚೆ ಬಂದಿದೆ. ತೊನ್ನು ಅಂತ ಎಲ್ಲರೂ ಹೆದರಿಸ್ತಿದ್ದಾರೆ.

ಎಲ್ಲ ಬಿಳಿಯೂ ತೊನ್ನಲ್ಲ. ಕೀಲಿಗೆ, ಗಂಟಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಚುಚ್ಚಿದ ಜಾಗದಲ್ಲಿ ಚರ್ಮ ಬೆಳ್ಳಗಾಗಿ ಸ್ವಲ್ಪ ಗುಳಿ ಬೀಳುವುದುಂಟು, ತಿಂಗಳುಗಳಲ್ಲಿ ಹೆಚ್ಚಾಗಿ ತುಂಬಿಕೊಳ್ಳುತ್ತದೆ. ಎದೆ, ಬೆನ್ನ ಮೇಲೆ ಸಣ್ಣ ಹೊಟ್ಟಿನ ಜೊತೆ ಬಂದರೆ ಚಿಬ್ಬು, ಅದು ಶಿಲೀಂಧ್ರ. ರಬ್ಬರ್, ಅಂಟು, ತಲೆಗೂದಲ ಬಣ್ಣದಲ್ಲಿರುವ ಕೆಲವು ರಾಸಾಯನಿಕಗಳು ತಗಲಿದ ಜಾಗವನ್ನು ನಿಜವಾಗಿ ಬಿಳಿ ಮಾಡುತ್ತವೆ. ಚಪ್ಪಲಿ ಪಟ್ಟಿಯ ಆಕಾರದಲ್ಲೇ ಬಿಳುಪು ಬಂದರೆ ಚಪ್ಪಲಿ ಬಿಡಿ. ರಕ್ತದ ಕ್ಯಾನ್ಸರ್‌ಗೆ ಕೊಡುವ ಇಮಾಟಿನಿಬ್ ಕಪ್ಪು ಮೈಯವರನ್ನು ತೆಳುಬಣ್ಣಕ್ಕೆ ತರುತ್ತದೆ. ಮುಟ್ಟಿದರೆ ಗೊತ್ತಾಗದ, ಬೆವರದ ತೆಳು ಮಚ್ಚೆ ಇದ್ದರೆ ಮಾತ್ರ ನಾಚಿಕೆ ಬಿಟ್ಟು ಕುಷ್ಠದ ಪರೀಕ್ಷೆ ಮಾಡಿಸಿ. ಪೂರ್ತಿ ವಾಸಿಯಾಗುವ ಕಾಯಿಲೆ ಅದು.

ಎಲ್ಲೂ ಪೆಟ್ಟಾಗಿಲ್ಲ, ಕೈಮೇಲೆಲ್ಲ ನೀಲಿ ಕಲೆ.

ಗಾಜಿನ ಲೋಟದ ತಳ ಒತ್ತಿ ನೋಡಿ. ಮಾಯವಾಗದಿದ್ದರೆ ಚರ್ಮದಡಿ ರಕ್ತ ಜಿನುಗಿದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್, ಬಹುಕಾಲದ ಸ್ಟಿರಾಯ್ಡ್ ತಗೊಳ್ಳುವವರಲ್ಲಿ ಸಣ್ಣ ತಾಕಲಾಟಕ್ಕೂ ಹೀಗಾಗುತ್ತದೆ. ವಸಡಿನಲ್ಲಿ ರಕ್ತ, ಕಪ್ಪು ಮಲ, ಸಾಸಿವೆಯಂಥ ಕೆಂಪು ಚುಕ್ಕಿ ಇದ್ದರೆ ಪ್ಲೇಟ್‌ಲೆಟ್ ಎಣಿಕೆ ಮತ್ತು ರಕ್ತ ಹೆಪ್ಪುಗಟ್ಟುವ ವೇಗ ತೋರಿಸುವ ಐಎನ್‌ಆರ್ ಪರೀಕ್ಷೆ ಅವತ್ತೇ ಮಾಡಿಸಬೇಕು.

## ಹಚ್ಚಿದ್ದು, ಹನಿಸಿದ್ದು, ಕುಡಿದದ್ದು

ಬೆಳ್ಳಗಾಗಲಿ ಅಂತ ಹಚ್ಚಿದ ಕ್ರೀಮ್‌ನಿಂದ ಮುಖ ಮೊದಲಿಗಿಂತ ಕಪ್ಪಾಗಿದೆ. ಈಗೇನು?

ಈ ಪ್ರಶ್ನೆಗೆ ನನಗೆ ಸಿಟ್ಟು ಬರುತ್ತದೆ, ಕೇಳಿದವರ ಮೇಲಲ್ಲ. ಬಂಗಿಗೆ ಡಾಕ್ಟರ್ ಎಂಟು ವಾರಕ್ಕೆ ಬರೆದ ಟ್ಯೂಬನ್ನು ಅಕ್ಕ ತಂಗಿಯರು, ಗೆಳತಿಯರು ಹಂಚಿಕೊಂಡು ಮೂರು ವರ್ಷ ಹಚ್ಚುತ್ತಾರೆ. ಅದರಲ್ಲಿ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಸ್ಟಿರಾಯ್ಡ್ ಮೂರೂ ಇರುತ್ತವೆ. ಮೊದಲ ತಿಂಗಳು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ಮೊಡವೆ, ಕೂದಲು ಏಳುತ್ತದೆ, ಬಿಸಿಲಿಗೆ ಉರಿಯುತ್ತದೆ. ನಿಲ್ಲಿಸಿದರೆ ಮುಖ ಕೆಂಡವಾಗುತ್ತದೆ, ಅದಕ್ಕೇ ಮತ್ತೆ ಹಚ್ಚುತ್ತಾರೆ. ಈ ಸುಳಿಯಿಂದ ಒಬ್ಬರೇ ಹೊರಬರುವುದು ಕಷ್ಟ, ಚರ್ಮದ ಡಾಕ್ಟರ್ ಹಂತಹಂತವಾಗಿ ಬಿಡಿಸುತ್ತಾರೆ.

ಹೈಡ್ರೊಕ್ವಿನೋನ್ ಬಹುಕಾಲ ಹಚ್ಚಿದವರಲ್ಲಿ ಕೆನ್ನೆಮೂಳೆಯ ಮೇಲೆ ನೀಲಿ-ಕಪ್ಪು ಚುಕ್ಕಿಗಳು ಕೂರುವ ಓಕ್ರೊನೋಸಿಸ್ ಎಂಬ ತೊಂದರೆ ಇದೆ. ಕಪ್ಪು ತೆಗೆಯಲು ಹಚ್ಚಿದ್ದೇ ಕಪ್ಪು ತಂದಿತು ಅನ್ನುವುದು ಅದಕ್ಕೇ. ಅದನ್ನು ಬಂಗೇ ಹೆಚ್ಚಾಯಿತು ಅಂದುಕೊಂಡು ಇನ್ನಷ್ಟು ಹಚ್ಚುವುದು ದೊಡ್ಡ ತಪ್ಪು.

ಲೇಬಲ್ ಇಲ್ಲದ, ವಾರದಲ್ಲಿ ಬಿಳಿ ಮಾಡುವ ಕ್ರೀಮುಗಳಲ್ಲಿ ಪಾದರಸ ಇರಬಹುದು. ಅದು ಚರ್ಮದಿಂದ ಒಳಗಿಳಿದು ಕಿಡ್ನಿಗೆ ಹೊಡೆಯುತ್ತದೆ, ಮೂತ್ರದಲ್ಲಿ ಪ್ರೋಟೀನ್ ಸೋರಿ ಕಾಲು ಊದುತ್ತದೆ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಾಮಾಟ ಒಪ್ಪಂದ 10 ಲಕ್ಷದಲ್ಲಿ 1 ಭಾಗಕ್ಕಿಂತ ಜಾಸ್ತಿ ಪಾದರಸ ಇರುವ ಸೌಂದರ್ಯ ಸಾಮಗ್ರಿಗಳನ್ನು 2020ರ ನಂತರ ತಯಾರಿಸಬಾರದು, ಆಮದು ರಫ್ತು ಮಾಡಬಾರದು ಎಂದು ಹೇಳಿತು. ಮಾರುವವರು ಇನ್ನೂ ಇದ್ದಾರೆ. ಲೇಬಲ್ಲಿನಲ್ಲಿ ಕ್ಯಾಲೊಮೆಲ್ ಅಂತ ಇದ್ದರೂ ಅದು ಪಾದರಸವೇ.

ಬೆಳ್ಳಿ ಸೇರಿಸಿದ ನೀರು ಕುಡಿದ್ರೆ ರೋಗ ಬರಲ್ಲ ಅಂತಾರೆ. ನೈಸರ್ಗಿಕ ತಾನೇ?

ಬೆಳ್ಳಿಯ ಕಣಗಳು ಚರ್ಮದಲ್ಲಿ ಕೂತು ಬೆಳಕಿಗೆ ಕಪ್ಪಾಗುತ್ತವೆ, ಹಳೇ ಫೋಟೋ ಫಿಲ್ಮಿನಲ್ಲಿ ಆಗುತ್ತಿದ್ದ ಹಾಗೇ. ಮುಖ ಬೂದಿ-ನೀಲಿಯಾಗುತ್ತದೆ, ಆರ್ಜಿರಿಯ ಎಂದು ಹೆಸರು. ಕುಡಿಯುವುದು ನಿಲ್ಲಿಸಿದರೂ ಬಣ್ಣ ಉಳಿಯುತ್ತದೆ. ಲೇಸರ್‌ನಿಂದ ಕೆಲವರಿಗೆ ಅನುಕೂಲ ಆಗಿದೆ, ಅಷ್ಟೆ. ಭಸ್ಮ, ಕಷಾಯ, ಟಾನಿಕ್, ಪ್ರೋಟೀನ್ ಪುಡಿ ಯಾವುದೇ ಇರಲಿ, ಮಾತ್ರೆಗಳ ಪಟ್ಟಿಯಲ್ಲಿ ಅದನ್ನೂ ಬರೆಯಿರಿ. "ಅದೇನು ಔಷಧಿ ಅಲ್ವಲ್ಲ" ಅಂತ ಬಿಟ್ಟದ್ದೇ ಎಷ್ಟೋ ಸಲ ಕಳ್ಳ.

ಗ್ಲಾಕೋಮ ಹನಿ ಹಾಕುವ ಕಣ್ಣಿನ ಸುತ್ತ ಮಾತ್ರ ಕಪ್ಪು.

ಲ್ಯಾಟನೊಪ್ರಾಸ್ಟ್, ಬಿಮಾಟೊಪ್ರಾಸ್ಟ್ ಹನಿಗಳ ಗುಣ ಅದು. ರೆಪ್ಪೆಗೂದಲೂ ಉದ್ದವಾಗುತ್ತದೆ. ಹನಿ ಹಾಕಿದ ಮೇಲೆ ಹೊರಗೆ ಹರಿದದ್ದನ್ನು ಒರೆಸಿ. ರೆಪ್ಪೆಯ ಕಪ್ಪು ನಿಲ್ಲಿಸಿದರೆ ಇಳಿಯುತ್ತದೆ, ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಭಾಗ ಗಾಢವಾದರೆ ಹಾಗೇ ಉಳಿಯುತ್ತದೆ. ಕಣ್ಣಿನ ಡಾಕ್ಟರನ್ನು ಕೇಳದೆ ಬಿಡಬೇಡಿ.

## ಸ್ವಲ್ಪ ಆಳಕ್ಕೆ

ತುಟಿ ನೀಲಿ, ಆಕ್ಸಿಜನ್ ಕೊಟ್ಟರೂ ಬಣ್ಣ ಬದಲಾಗ್ಲಿಲ್ಲ ಅಂದ್ರು. ಅದ್ಹೇಗೆ?

ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ರೂಪ ಬದಲಾಯಿಸಿ ಮೆಥಿಮೋಗ್ಲೋಬಿನ್ ಆದಾಗ ಅದು ಆಕ್ಸಿಜನ್ ಹೊರುವುದಿಲ್ಲ. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಆಕ್ಸಿಮೀಟರ್ 85ರ ಆಸುಪಾಸಿನಲ್ಲಿ ಸಿಕ್ಕಿಕೊಂಡಂತೆ ನಿಲ್ಲುತ್ತದೆ. ಡ್ಯಾಪ್ಸೋನ್, ಪ್ರಿಮಾಕ್ವಿನ್, ಮರಗಟ್ಟಿಸಲು ಬಳಸುವ ಬೆಂಜೊಕೇನ್, ನೈಟ್ರೈಟ್‌ಗಳು ಇದನ್ನು ತರಬಲ್ಲವು. ಹಲ್ಲು ಬರುವ ಮಗುವಿನ ವಸಡಿಗೆ ಬೆಂಜೊಕೇನ್ ಜೆಲ್ ಹಚ್ಚಬಾರದು ಅನ್ನುವುದು ಇದಕ್ಕೇ.

ಚಿಕಿತ್ಸೆ ಮೆಥಿಲೀನ್ ಬ್ಲೂ. ಅಮೆರಿಕದ ಕೆಂಟಕಿಯಲ್ಲಿ ಹುಟ್ಟಿನಿಂದಲೇ ಈ ತೊಂದರೆಯಿದ್ದ ಕುಟುಂಬವೊಂದಿತ್ತು. 1960ರ ದಶಕದಲ್ಲಿ ಡಾ. ಮ್ಯಾಡಿಸನ್ ಕಾವೈನ್ ಅವರು ಆ ನೀಲಿ ಜನಕ್ಕೆ ಈ ನೀಲಿ ಔಷಧಿಯನ್ನೇ ಕೊಟ್ಟರು, ನಿಮಿಷಗಳಲ್ಲಿ ಅವರ ಚರ್ಮ ನಸುಗೆಂಪಾಯಿತು. ಆದರೆ ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಇದು ಅಪಾಯ, ಖಿನ್ನತೆಯ ಕೆಲವು ಮಾತ್ರೆಗಳ ಜೊತೆಗೂ ಹೊಂದುವುದಿಲ್ಲ. ಮೊದಲೇ ತಿಳಿಸಿ.

ಕೀಮೋ ಆದ ಮೇಲೆ ಬೆನ್ನ ಮೇಲೆ ಚಾಟಿ ಏಟಿನ ಹಾಗೆ ಗೆರೆ, ಉಗುರಲ್ಲಿ ಪಟ್ಟಿ. ಕ್ಯಾನ್ಸರ್ ಹರಡ್ತಾ?

ಇಲ್ಲ. ಚಾಟಿ ಏಟಿನಂಥ ಗೆರೆ ಬ್ಲಿಯೋಮೈಸಿನ್‌ನ ಸಹಿ ಇದ್ದ ಹಾಗೆ. ಫ್ಲೋರೋಯುರಾಸಿಲ್ ಕೊಟ್ಟ ರಕ್ತನಾಳದ ಗುಂಟ ಕಪ್ಪು ಗೆರೆ ಬರಬಹುದು. ಸೈಕ್ಲೊಫಾಸ್ಫಮೈಡ್, ಡಾಕ್ಸೊರುಬಿಸಿನ್, ಹೈಡ್ರಾಕ್ಸಿಯೂರಿಯ ಉಗುರಿಗೆ ಪಟ್ಟಿ ಬಳಿಯುತ್ತವೆ, ಉಗುರು ಬೆಳೆದಂತೆ ಮುಂದಕ್ಕೆ ಸರಿದುಹೋಗುತ್ತದೆ. ಒಂದೇ ಉಗುರಿನಲ್ಲಿ, ಔಷಧಿಯ ಸಂಬಂಧವಿಲ್ಲದೆ ಪಟ್ಟಿ ಅಗಲವಾಗುತ್ತ ಉಗುರ ಬುಡದ ಚರ್ಮಕ್ಕೂ ಹರಡಿದರೆ ಮಾತ್ರ ಬೇಗ ತೋರಿಸಿ.

ಡಾಕ್ಟರ್ ಹೇಗೆ ಖಚಿತ ಮಾಡ್ಕೋತಾರೆ? ಮಾತ್ರೆ ಮತ್ತೆ ಕೊಟ್ಟು ನೋಡಬಹುದಲ್ಲ?

ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪದ ಬೆಳಕಿನಲ್ಲಿ ನೋಡುತ್ತಾರೆ, ಬೇಕಾದರೆ ಚೂರು ಚರ್ಮ ತೆಗೆದು ಬಯಾಪ್ಸಿ ಮಾಡುತ್ತಾರೆ. ಚರ್ಮದ ಸ್ವಂತ ಬಣ್ಣವಾದ ಮೆಲನಿನ್, ಕಬ್ಬಿಣ, ಔಷಧಿಯ ಕಣ, ಬೆಳ್ಳಿ ಸೂಕ್ಷ್ಮದರ್ಶಕದಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. 1981ರಿಂದ ಬಳಕೆಯಲ್ಲಿರುವ ನಾರಂಜೊ ಪಟ್ಟಿಯಲ್ಲಿ ಹತ್ತು ಪ್ರಶ್ನೆಗಳಿವೆ. ಮಾತ್ರೆಯ ನಂತರ ಬಂತಾ, ನಿಲ್ಲಿಸಿದ ಮೇಲೆ ಇಳಿಯಿತಾ, ಬೇರೆ ಕಾರಣ ಇದೆಯಾ ಹೀಗೆ. 9 ಅಥವಾ ಅದಕ್ಕಿಂತ ಜಾಸ್ತಿ ಅಂಕ ಬಂದರೆ ಖಚಿತ, 5ರಿಂದ 8 ಬಹುಮಟ್ಟಿಗೆ ಹೌದು, 1ರಿಂದ 4 ಇರಬಹುದು. ಮತ್ತೆ ಕೊಟ್ಟು ನೋಡುವ ಪರೀಕ್ಷೆ ಕೂಡ ಆ ಪಟ್ಟಿಯಲ್ಲಿದೆ, ಆದರೆ ಅದನ್ನು ಆಸ್ಪತ್ರೆಯಲ್ಲಿ ಆಯ್ದ ಸಂದರ್ಭದಲ್ಲಿ ಮಾತ್ರ ಮಾಡುತ್ತಾರೆ. ಬೊಬ್ಬೆ, ಬಾಯಿಹುಣ್ಣು, ಊತ ಬಂದಿದ್ದರೆ ಯಾವತ್ತೂ ಇಲ್ಲ. ಮನೆಯಲ್ಲಿ "ಅರ್ಧ ಮಾತ್ರೆ ನೋಡೋಣ" ಬೇಡವೇ ಬೇಡ.

ಕಲೆ ಪೂರ್ತಿ ಹೋಗುತ್ತಾ? ಎಷ್ಟು ದಿನ?

ಬಣ್ಣ ಎಷ್ಟು ಆಳದಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಕಂದು ಬಣ್ಣ ಮೇಲ್ಪದರದ್ದು, ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಬೂದು-ನೀಲಿ ಕಂಡರೆ ಆಳದ್ದು, ವರ್ಷಗಳಾಗಬಹುದು. ಕಬ್ಬಿಣದ ಇಂಜೆಕ್ಷನ್ ಸೋರಿ ಆದ ಕಂದು ಕಲೆ ತುಂಬ ಹಟಮಾರಿ. ಹಾಗಾಗಿ ಡ್ರಿಪ್ ಹಾಕುವಾಗ ಸೂಜಿಯ ಜಾಗ ಉರಿದರೆ, ಊದಿದರೆ ಸುಮ್ಮನಿರದೆ ಆಗಲೇ ನರ್ಸನ್ನು ಕರೆಯಿರಿ. ಕಲೆಯನ್ನು ಉಜ್ಜಬೇಡಿ, ನಿಂಬೆಹಣ್ಣು ತಿಕ್ಕಬೇಡಿ. ಆ ಉರಿಯೇ ಹೊಸ ಕಪ್ಪು ತರುತ್ತದೆ. ಲೇಸರ್ ಕೆಲವಕ್ಕೆ ಸರಿ, ಆದರೆ ಚಿನ್ನದ ಇಂಜೆಕ್ಷನ್ ಹಿಂದೆಂದೋ ತಗೊಂಡವರಿಗೆ ಕೆಲವು ಲೇಸರ್‌ಗಳು ಚರ್ಮವನ್ನು ತಕ್ಷಣ ನೀಲಿ ಮಾಡಿಬಿಡುತ್ತವೆ. ಹಳೇ ಚೀಟಿ ತೋರಿಸದೆ ಲೇಸರ್ ಕೆಳಗೆ ಮಲಗಬೇಡಿ.

ಇದನ್ನೆಲ್ಲ ಯಾರಿಗಾದ್ರೂ ವರದಿ ಮಾಡಬೇಕಾ? ನನ್ನೊಬ್ಬರದ್ದರಿಂದ ಏನಾಗುತ್ತೆ?

ಮಾಡಬಹುದು, ಖಚಿತವಾಗಿರಬೇಕು ಅಂತಲೂ ಇಲ್ಲ, ಅನುಮಾನ ಸಾಕು. 1961ರಲ್ಲಿ ಥಾಲಿಡೊಮೈಡ್ ಮಾತ್ರೆಯಿಂದ ಮಕ್ಕಳು ಅಂಗವಿಕಲರಾಗಿ ಹುಟ್ಟುತ್ತಿರುವುದು ಬೆಳಕಿಗೆ ಬಂದ ಮೇಲೆ, ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ದೇಶದೇಶಗಳಿಂದ ಇಂಥ ವರದಿ ಕೂಡಿಸುವ ಕೆಲಸ ಶುರುಮಾಡಿತು. ಈಗ ಸ್ವೀಡನ್ನಿನ ಉಪ್ಸಾಲದ ಕೇಂದ್ರ ಅದನ್ನು ನೋಡಿಕೊಳ್ಳುತ್ತದೆ. ಅಪರೂಪದ ಪರಿಣಾಮ ಮಾತ್ರೆ ಮಾರುಕಟ್ಟೆಗೆ ಬರುವ ಮೊದಲಿನ ಪರೀಕ್ಷೆಗಳಲ್ಲಿ ಸಿಗುವುದೇ ಕಷ್ಟ. ಒಂದೊಂದೇ ವರದಿ ಕೂಡಿಯೇ ಅದು ಕಣ್ಣಿಗೆ ಬೀಳುವುದು.

ವರದಿಗೆ ಬೇಕಾದದ್ದೂ, ಡಾಕ್ಟರಿಗೆ ಬೇಕಾದದ್ದೂ ಒಂದೇ: ಔಷಧಿಯ ಹೆಸರು, ಬ್ಯಾಚ್ ನಂಬರ್, ಡೋಸ್, ಶುರುವಾದ ದಿನ, ಕಲೆ ಕಂಡ ದಿನ, ನಿಲ್ಲಿಸಿದ್ದರೆ ಆ ದಿನ. ಫೋಟೋ ತೆಗೆಯುವಾಗ ಕಿಟಕಿ ಪಕ್ಕ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಕಲೆಯ ಪಕ್ಕ ಒಂದು ನಾಣ್ಯ ಇಟ್ಟು ತೆಗೆಯಿರಿ. ವಾರಕ್ಕೊಂದು ಸಾಕು. ಆದರೆ ಪ್ರತಿ ಸಲವೂ ಅದೇ ಕಿಟಕಿ, ಅದೇ ನಾಣ್ಯ ಇರಲಿ.